ಮಹಶೀರ್ ಮರಿ ಮಾಡಿಸುವುದು: ಮೊಟ್ಟೆಯಿಂದ ಹೊಳೆಯವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶೃಂಗೇರಿಯ ತುಂಗೆಯಲ್ಲಿ ಮಂಡಕ್ಕಿಗೆ ಮುಗಿಬೀಳುವ ದೊಡ್ಡ ದೊಡ್ಡ ಮೀನುಗಳನ್ನು ನೋಡಿದವರೆಲ್ಲ ಒಂದಲ್ಲ ಒಂದು ಸಲ ಕೇಳುವ ಪ್ರಶ್ನೆಗಳಿವು. ಮೀನು ಸಾಕುವವರು, ಪ್ರಾಣಿಶಾಸ್ತ್ರ ಓದುವ ಹುಡುಗರು, ನಮ್ಮೂರ ಹೊಳೆಗೂ ಮರಿ ಬಿಡಬೇಕು ಅಂತ ಓಡಾಡುವವರು ಕೇಳಿದ್ದನ್ನೂ ಸೇರಿಸಿದ್ದೇನೆ. ಇಲ್ಲಿರುವುದು ಮುಖ್ಯವಾಗಿ ದಖ್ಖನ್ ಮಹಶೀರ್, ಅಂದರೆ ಟಾರ್ ಖುದ್ರಿ ಎಂಬ ಮೀನಿನ ವಿಷಯ. ಬೇರೆ ಮೀನಿನ ಮಾತು ಬಂದಲ್ಲಿ ಹೆಸರು ಹೇಳಿಯೇ ಬರೆದಿದ್ದೇನೆ.

ಮಹಶೀರ್ ಅಂದ್ರೆ ಬಿಳಿಮೀನೇ ತಾನೆ?

ಹೌದು, ಕಾವೇರಿ ಕಡೆಯವರು ಬಿಳಿಮೀನು ಅನ್ನುವುದು ಇದನ್ನೇ. ರೋಹು, ಕಾಟ್ಲಾ ಇರುವ ಗೆಂಡೆ ಮೀನಿನ ಕುಟುಂಬಕ್ಕೇ ಸೇರಿದ್ದು. ದೊಡ್ಡ ಹುರುಪೆ, ದಪ್ಪ ತುಟಿ, ಬಾಯಿಯ ಪಕ್ಕ ಎರಡು ಜೊತೆ ಮೀಸೆ. ಹರಿಯುವ ನೀರು, ಕಲ್ಲುಬಂಡೆ, ಆಳದ ಮಡು ಇದಕ್ಕೆ ಬೇಕು.

ಆದರೆ ಮಹಶೀರ್ ಅಂದರೆ ಒಂದೇ ಮೀನಲ್ಲ. ಹಿಮಾಲಯದ ಹೊಳೆಗಳಲ್ಲಿರುವುದು ಗೋಲ್ಡನ್ ಮಹಶೀರ್, ಟಾರ್ ಪುಟಿಟೋರಾ. ದಖ್ಖನ್ ಮಹಶೀರನ್ನು 1839ರಲ್ಲಿ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ಪುಣೆಯ ಮುಳಾ-ಮುಠಾ ನದಿಯ ಮೀನು ನೋಡಿ ವರ್ಣಿಸಿದ. ಕಾವೇರಿಯಲ್ಲಿ ಇವೆರಡಕ್ಕೂ ಸೇರದ ಇನ್ನೊಂದು ಇದೆ. ಬೆನ್ನು ಗೂನು, ರೆಕ್ಕೆ ಕಿತ್ತಳೆ ಬಣ್ಣ. ಅದರ ಕಥೆ ದೊಡ್ಡದು, ಮುಂದೆ ಬರುತ್ತದೆ. ಈ ಮೂರನ್ನೂ ಒಂದೇ ಹೆಸರಲ್ಲಿ ಕರೆದಿದ್ದೇ ಅರ್ಧ ತೊಂದರೆಗೆ ಕಾರಣ ಅಂತ ನನಗನ್ನಿಸುತ್ತದೆ.

ಹೊಳೆಯಲ್ಲೇ ಮೊಟ್ಟೆ ಇಡುತ್ತಲ್ಲ, ಹ್ಯಾಚರಿ ಯಾಕೆ ಬೇಕು?

ಹ್ಯಾಚರಿ ಅಂದರೆ ಮೊಟ್ಟೆ ಒಡೆಸಿ ಮರಿ ಮಾಡಿಸುವ ಜಾಗ. ಹೊಳೆ ಮೊದಲಿನ ಹಾಗೆ ಇದ್ದಿದ್ದರೆ ಅದು ಬೇಕಿರಲಿಲ್ಲ. ಮಳೆಗಾಲ ಶುರುವಾದ ಮೇಲೆ ಈ ಮೀನು ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಹೋಗುತ್ತದೆ. ನೀರು ಚೆನ್ನಾಗಿ ಓಡುವ ಕಡೆ, ಮರಳು ಜಲ್ಲಿಯ ತಳದಲ್ಲಿ ಮೊಟ್ಟೆ ಬಿಡುತ್ತದೆ. ನಡುವೆ ಅಣೆಕಟ್ಟು ಬಂದರೆ ದಾರಿಯೇ ಬಂದ್. ಮರಳು ಎತ್ತಿದರೆ ಮೊಟ್ಟೆಗೆ ಜಾಗ ಇಲ್ಲ. ಮೇಲಿಂದ ಗದ್ದೆ ತೋಟಗಳ ಔಷಧಿ, ಸಿಡಿಮದ್ದು ಹಾಕಿ ಮೀನು ಹಿಡಿಯುವ ಚಾಳಿ ಬೇರೆ. ಮಹಶೀರ್ ದೊಡ್ಡದಾಗುವುದು ನಿಧಾನ. ಹೆಣ್ಣು ಮೊಟ್ಟೆ ಇಡುವ ವಯಸ್ಸಿಗೆ ಬರಲು ಮೂರು ವರ್ಷವಾದರೂ ಬೇಕು. ಅಷ್ಟರೊಳಗೆ ಅದನ್ನು ಹಿಡಿದು ತಿಂದಿರುತ್ತೇವೆ.

ಹೀಗೆ ಮರಿ ಮಾಡಿಸುವ ಕೆಲಸ ಮೊದಲು ಮಾಡಿದವರು ಯಾರು?

ನಮ್ಮ ದೇಶದಲ್ಲಿ ದಖ್ಖನ್ ಮಹಶೀರ್ ವಿಷಯ ಬಂದರೆ ಮೀನು ವಿಜ್ಞಾನಿ ಡಾ. ಸಿ.ವಿ. ಕುಲಕರ್ಣಿಯವರ ಹೆಸರು ಹೇಳಲೇಬೇಕು. ಪುಣೆ ಹತ್ತಿರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಜಲಾಶಯಗಳಿವೆ. ಆ ಕೆರೆಗಳಲ್ಲಿ ಮಹಶೀರ್ ಇತ್ತು. ಮಳೆಗಾಲದಲ್ಲಿ ಹಣ್ಣಾದ, ಅಂದರೆ ಮೊಟ್ಟೆ ಪೂರ್ತಿ ಬಲಿತ, ತಾಯಿ ಮೀನು ಹಿಡಿದು, ಮೊಟ್ಟೆ ಹಿಂಡಿ, ಭ್ರೂಣ ಹೇಗೆ ಬೆಳೆಯುತ್ತದೆ ಅಂತ ಅವರು 1970ರ ಆಸುಪಾಸಿನಲ್ಲೇ ವಿವರವಾಗಿ ಬರೆದಿಟ್ಟರು. ಆಮೇಲೆ ಅಲ್ಲಿಂದ ಬೇರೆ ಬೇರೆ ರಾಜ್ಯಗಳಿಗೆ ಮರಿಗಳು ಹೋದವು. ಹಿಮಾಲಯದ ಮಹಶೀರ್‌ಗೆ ಇಂಥದ್ದೇ ಕೆಲಸ ಉತ್ತರಾಖಂಡದ ಭೀಮತಾಲ್‌ನ ಶೀತಲ ನೀರಿನ ಮೀನು ಸಂಶೋಧನಾ ಸಂಸ್ಥೆಯಲ್ಲಿ ನಡೆದಿದೆ. ಕರ್ನಾಟಕದಲ್ಲಿ ಮೀನುಗಾರಿಕೆ ಇಲಾಖೆಯ ಮಹಶೀರ್ ಕೇಂದ್ರ ಇರುವುದು ಕೊಡಗಿನ ಹಾರಂಗಿಯಲ್ಲಿ.

ತಾಯಿ ಮೀನು ಹಣ್ಣಾಗಿದೆ ಅಂತ ಹೇಗೆ ಗೊತ್ತಾಗುತ್ತೆ?

ತಾಯಿ ಮೀನು ಅನ್ನುವುದು ಮರಿ ಮಾಡಿಸಲು ಇಟ್ಟ ಗಂಡು, ಹೆಣ್ಣು ಎರಡಕ್ಕೂ. ಗಂಡಿನದು ಸುಲಭ. ಹೊಟ್ಟೆಯನ್ನು ಮೆಲ್ಲಗೆ ಒತ್ತಿದರೆ ಹಾಲಿನಂಥ ಬಿಳಿ ವೀರ್ಯ ಹನಿಯುತ್ತದೆ. ಹೆಣ್ಣಿನದು ಕೈಗೆ ಅಭ್ಯಾಸವಾಗಬೇಕು. ಹೊಟ್ಟೆ ಉಬ್ಬಿ ಮೆತ್ತಗಾಗಿರುತ್ತದೆ, ಗುದದ್ವಾರ ಊದಿ ಕೆಂಪಾಗಿರುತ್ತದೆ. ಹೊಟ್ಟೆ ಬರೀ ದಪ್ಪ ಇದ್ದು ಗಟ್ಟಿಯಾಗಿದ್ದರೆ ಅದು ಕೊಬ್ಬು. ಕೊಳದಲ್ಲಿ ಜಾಸ್ತಿ ಹಿಂಡಿ-ತವುಡು ತಿಂದು ಬೆಳೆದ ಮೀನಿನಲ್ಲಿ ಇದು ಮಾಮೂಲು. ನೋಡಲು ಭರ್ಜರಿಯಾಗಿರುತ್ತದೆ, ಮೊಟ್ಟೆ ಮಾತ್ರ ಸಿಗುವುದಿಲ್ಲ. ತಾಯಿ ಮೀನಿಗೆ ಪ್ರೋಟೀನ್ ಇರುವ ಮೇವು ಕೊಡಬೇಕು, ನೀರು ಹರಿಯುತ್ತಿರಬೇಕು. ನಿಂತ ನೀರಲ್ಲಿ ಅದು ಬದುಕುತ್ತದೆ, ಬೆಳೆಯುತ್ತದೆ, ಆದರೆ ಮೊಟ್ಟೆ ಇಡುವ ಮನಸ್ಸು ಮಾಡುವುದಿಲ್ಲ.

ಇಂಜೆಕ್ಷನ್ ಕೊಡಲೇಬೇಕಾ?

ಕೆರೆಯಿಂದಲೋ ಹೊಳೆಯಿಂದಲೋ ಸರಿಯಾದ ದಿನ ಹಿಡಿದ ಮೀನು ಪೂರ್ತಿ ಹಣ್ಣಾಗಿದ್ದರೆ ಬೇಡ. ಹಾಗೇ ಹಿಂಡಬಹುದು. ಲೋಣಾವಳದ ಮೊದಲ ದಿನಗಳ ಕೆಲಸ ಹೆಚ್ಚಾಗಿ ಹೀಗೇ ನಡೆದಿದ್ದು. ಕೊಳದಲ್ಲಿ ಸಾಕಿದ ಮೀನಿಗೆ ಮಾತ್ರ ಸಾಮಾನ್ಯವಾಗಿ ಬೇಕಾಗುತ್ತದೆ.

ಯಾಕೆ ಬೇಕು ಅನ್ನುವುದನ್ನು ತಿಳಿದುಕೊಂಡರೆ ಒಳ್ಳೆಯದು. ಹೊಸ ನೀರು ಬಂತು, ಹರಿವು ಜೋರಾಯಿತು, ನೀರು ತಣ್ಣಗಾಯಿತು ಅಂತ ಮೀನಿನ ಮೆದುಳಿಗೆ ಗೊತ್ತಾದಾಗ ಅಲ್ಲಿಂದ ಪಿಟ್ಯುಟರಿ ಗ್ರಂಥಿಗೆ ಸೂಚನೆ ಹೋಗುತ್ತದೆ. ಆ ಗ್ರಂಥಿ ಬಿಡುವ ಹಾರ್ಮೋನಿನಿಂದ ಅಂಡಾಶಯದಲ್ಲಿರುವ ಮೊಟ್ಟೆ ಕೊನೆಯ ಹಂತಕ್ಕೆ ಹಣ್ಣಾಗಿ ಬಿಡುಗಡೆಯಾಗುತ್ತದೆ. ಕೊಳದಲ್ಲಿ ಆ ಹೊಸ ನೀರು ಬರುವುದಿಲ್ಲ, ಸೂಚನೆಯೂ ಹೋಗುವುದಿಲ್ಲ. ಅದನ್ನು ನಾವು ಸೂಜಿಯಿಂದ ಕೊಡುತ್ತೇವೆ, ಅಷ್ಟೇ. ಹಿಂದೆ ಬೇರೆ ಗೆಂಡೆ ಮೀನುಗಳ ತಲೆಯಿಂದ ಪಿಟ್ಯುಟರಿ ತೆಗೆದು, ಆಲ್ಕೋಹಾಲಿನಲ್ಲಿ ಇಟ್ಟು, ಅರೆದು ಚುಚ್ಚುತ್ತಿದ್ದರು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧರಿ ಮತ್ತು ಅಲಿಕುನ್ಹಿ ಈ ವಿಧಾನದಿಂದ ನಮ್ಮ ಗೆಂಡೆ ಮೀನುಗಳಲ್ಲಿ ಮೊಟ್ಟೆ ಇಡಿಸಿದರು. ಜುಲೈ 10ನ್ನು ಮೀನು ಕೃಷಿಕರ ದಿನ ಅಂತ ಆಚರಿಸುವುದು ಅದಕ್ಕೇ. ಈಗ ಓವಾಪ್ರಿಮ್, ಓವಟೈಡ್ ಥರದ ಸಿದ್ಧ ಔಷಧಿ ಸಿಗುತ್ತದೆ. ಹೆಣ್ಣಿಗೆ ಜಾಸ್ತಿ, ಗಂಡಿಗೆ ಅದರ ಅರ್ಧಕ್ಕಿಂತ ಕಡಿಮೆ.

ಒಂದು ಮಾತು ನೆನಪಿಡಿ. ಕಾಯಿಯನ್ನು ಇಂಜೆಕ್ಷನ್ ಹಣ್ಣು ಮಾಡುವುದಿಲ್ಲ. ಮೊಟ್ಟೆ ಬಲಿಯದ ಮೀನಿಗೆ ಎರಡು ಪಟ್ಟು ಔಷಧಿ ಚುಚ್ಚಿದರೆ ಆಗುವುದು ಮೀನು ಸಾಯುವುದು ಮಾತ್ರ.

ಮೊಟ್ಟೆ ಹಿಂಡುವುದು ಅಂದ್ರೆ ಏನು? ಮೀನಿಗೆ ನೋವಾಗಲ್ವಾ?

ಒರಟು ಕೈಗೆ ಸಿಕ್ಕರೆ ಆಗುತ್ತದೆ. ತಿಳಿದವರ ಕೈಯಲ್ಲಿ ಒಂದೆರಡು ನಿಮಿಷದ ಕೆಲಸ.

ಇಬ್ಬರು ಬೇಕು. ಮೀನನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಎತ್ತುತ್ತಾರೆ. ತಲೆ ಮುಚ್ಚಿದರೆ ಒದ್ದಾಟ ಕಡಿಮೆ. ಹೊಟ್ಟೆ ಮತ್ತು ಬಾಲದ ಕಡೆ ನೀರಿಲ್ಲದ ಹಾಗೆ ಒರೆಸುತ್ತಾರೆ. ಒಬ್ಬರು ಬಾಲ ಕೆಳಗಾಗುವ ಹಾಗೆ ಹಿಡಿದರೆ, ಇನ್ನೊಬ್ಬರು ಹೊಟ್ಟೆಯ ಮೇಲೆ ಹೆಬ್ಬೆರಳನ್ನು ಮುಂದಿನಿಂದ ಹಿಂದಕ್ಕೆ ಮೆಲ್ಲಗೆ ಜಾರಿಸುತ್ತಾರೆ. ಹಣ್ಣಾಗಿದ್ದರೆ ಹೊಂಬಣ್ಣದ ಮೊಟ್ಟೆಗಳು ತಾವಾಗಿಯೇ ಧಾರೆಯಾಗಿ ಬೋಗುಣಿಗೆ ಬೀಳುತ್ತವೆ. ಬಲ ಹಾಕಬೇಕಾಯಿತು, ಇಲ್ಲವೇ ರಕ್ತ ಬಂತು ಅಂದರೆ ಅಲ್ಲಿಗೇ ನಿಲ್ಲಿಸಿ ಮೀನನ್ನು ನೀರಿಗೆ ಬಿಡಬೇಕು.

ಬೋಗುಣಿ ಒಣಗಿರಬೇಕು. ಇದೇ ಮುಖ್ಯ. ಮೀನಿನ ವೀರ್ಯಾಣು ನೀರು ತಾಗುವ ತನಕ ಮಲಗಿರುತ್ತದೆ. ನೀರು ತಾಗಿದ ಕೂಡಲೇ ಎದ್ದು ಓಡುತ್ತದೆ, ಹೆಚ್ಚು ಕಡಿಮೆ ಒಂದು ನಿಮಿಷದಲ್ಲಿ ಅದರ ಶಕ್ತಿ ಮುಗಿಯುತ್ತದೆ. ಮೊಟ್ಟೆಯ ಹೊರಪದರದಲ್ಲಿ ವೀರ್ಯಾಣು ಒಳಹೋಗಲು ಇರುವುದು ಒಂದೇ ಸಣ್ಣ ರಂಧ್ರ. ಮೊಟ್ಟೆಗೆ ನೀರು ತಾಗಿದರೆ ಅದು ಉಬ್ಬಿ ಆ ರಂಧ್ರವೂ ಬೇಗ ಮುಚ್ಚುತ್ತದೆ. ಆದ್ದರಿಂದ ಮೊದಲು ಮೊಟ್ಟೆ, ಅದರ ಮೇಲೆ ಎರಡು ಮೂರು ಗಂಡುಗಳ ವೀರ್ಯ, ಹಕ್ಕಿಯ ಗರಿಯಿಂದ ಮೆತ್ತಗೆ ಕಲಸುವುದು, ಆಮೇಲೆ ಸ್ವಲ್ಪ ನೀರು. ಈ ಕ್ರಮ ತಪ್ಪಬಾರದು. ಗರಿಯೇ ಯಾಕೆ ಅಂತ ಕೇಳುತ್ತಾರೆ. ಚಮಚಕ್ಕಿಂತ ಅದು ಮೆತ್ತಗೆ, ಅಷ್ಟೇ.

ಒಂದು ಮೀನು ಎಷ್ಟು ಮೊಟ್ಟೆ ಕೊಡುತ್ತೆ?

ಕಾಟ್ಲಾ, ರೋಹು ಲೆಕ್ಕದಲ್ಲಿ ನೋಡಿದರೆ ತುಂಬಾ ಕಡಿಮೆ. ಅವು ಒಂದೊಂದು ಕಿಲೋ ತೂಕಕ್ಕೆ ಲಕ್ಷದ ಮಾತಾಡಿದರೆ ಇದು ಸಾವಿರದ ಮಾತಾಡುತ್ತದೆ. ಎಲ್ಲ ಮೊಟ್ಟೆಯೂ ಒಂದೇ ಸಲ ಹಣ್ಣಾಗುವುದಿಲ್ಲ, ಕಂತು ಕಂತಾಗಿ ಬರುತ್ತದೆ. ಆದರೆ ಮೊಟ್ಟೆ ದೊಡ್ಡದು, ಸುಮಾರು 3 ಮಿಲಿಮೀಟರ್, ಅದರ ತುಂಬ ಹಳದಿ ಆಹಾರ.

ರೋಹು ಹ್ಯಾಚರಿ ಇದೆ. ಅದರಲ್ಲೇ ಮಹಶೀರ್ ಮಾಡಬಹುದಾ?

ತಾಯಿ ಮೀನಿನ ತೊಟ್ಟಿ ಬಳಸಬಹುದು. ಮೊಟ್ಟೆಗೆ ಮಾತ್ರ ಬೇರೆ ವ್ಯವಸ್ಥೆ ಬೇಕು. ರೋಹು ಮೊಟ್ಟೆ ನೀರು ಕುಡಿದು ಉಬ್ಬಿ ಹಗುರಾಗುತ್ತದೆ. ದುಂಡನೆಯ ಚೀನೀ ಹ್ಯಾಚರಿಯಲ್ಲಿ ನೀರು ಸುತ್ತುತ್ತಾ ಇದ್ದರೆ ಅದೂ ತೇಲಿಕೊಂಡು ಸುತ್ತುತ್ತದೆ, 14ರಿಂದ 18 ಗಂಟೆಯಲ್ಲಿ ಒಡೆದು ಮರಿ ಹೊರಬರುತ್ತದೆ. ಮಹಶೀರ್ ಮೊಟ್ಟೆ ಭಾರ, ತಳಕ್ಕೇ ಇಳಿಯುತ್ತದೆ. ಸುತ್ತುವ ನೀರಲ್ಲಿ ಅದನ್ನು ಎತ್ತಿ ಹಿಡಿಯಬೇಕೆಂದರೆ ನೀರಿನ ಹೊಡೆತ ಜೋರಾಗಬೇಕು, ಆ ಹೊಡೆತಕ್ಕೆ ಮೊಟ್ಟೆ ಹಾಳಾಗುತ್ತದೆ.

ಅದಕ್ಕೆ ಅಗಲವಾದ ಟ್ರೇಗಳು. ತಳಕ್ಕೆ ಸಣ್ಣ ಕಣ್ಣಿನ ಬಲೆ, ಮೊಟ್ಟೆಗಳನ್ನು ಒಂದೇ ಪದರದಲ್ಲಿ ಹರಡುವುದು, ಮೇಲೆ ತೆಳುವಾಗಿ ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತಿರಬೇಕು. ನೀರು ಶುದ್ಧವಾಗಿ, ತಣ್ಣಗೆ ಇರಬೇಕು, ಆಮ್ಲಜನಕ ಲೀಟರಿಗೆ 6 ಮಿಲಿಗ್ರಾಂಗಿಂತ ಕೆಳಗೆ ಹೋಗಬಾರದು. ನೇರ ಬಿಸಿಲು ಬೀಳದ ಹಾಗೆ ಮುಚ್ಚಿಡಿ. ಮಣ್ಣು ನೀರು ಬಂದರೆ ಧೂಳು ಮೊಟ್ಟೆಯ ಮೇಲೆ ಕೂತು ಒಳಗಿನ ಭ್ರೂಣಕ್ಕೆ ಉಸಿರು ಕಟ್ಟುತ್ತದೆ. ಮೊಟ್ಟೆ ಕಾಲ ಮಳೆಗಾಲವೇ ಆದ್ದರಿಂದ ಹೊಳೆ ನೀರನ್ನು ನೇರ ಬಿಡುವವರು ಸೋಸುವ ತೊಟ್ಟಿಗೆ ದುಡ್ಡು ಹಾಕಲೇಬೇಕು.

ಮೊಟ್ಟೆಯೊಳಗೆ ಏನೇನು ನಡೆಯುತ್ತೆ? ಕಣ್ಣಿಗೆ ಕಾಣುತ್ತಾ?

ಕಾಣುತ್ತದೆ. ಒಳ್ಳೆಯ ಭೂತಗನ್ನಡಿ ಇದ್ದರೂ ಸುಮಾರು ಕಾಣುತ್ತದೆ, ಸೂಕ್ಷ್ಮದರ್ಶಕ ಇದ್ದರೆ ರಾತ್ರಿಯೆಲ್ಲ ನಿದ್ದೆ ಬರುವುದಿಲ್ಲ. ನೀರು 22ರಿಂದ 26 ಡಿಗ್ರಿ ಇದ್ದಾಗ ಮಹಶೀರ್ ಮೊಟ್ಟೆ ಒಡೆಯಲು 60ರಿಂದ 80 ಗಂಟೆ ಬೇಕು. ಅಂದರೆ ಮೂರು ದಿನ ನೋಡಬಹುದು.

ನೀರು ತಾಗಿದ ಕೆಲವೇ ನಿಮಿಷಗಳಲ್ಲಿ ಹೊರಪದರ ಹಳದಿಯಿಂದ ಬಿಟ್ಟು ಉಬ್ಬುತ್ತದೆ, ನಡುವೆ ಸ್ವಲ್ಪ ಜಾಗವಾಗುತ್ತದೆ. ಮೊಟ್ಟೆ ಬೆರಳಿಗೆ ಗಟ್ಟಿ ಅನ್ನಿಸುವುದು ಆಮೇಲೆ. ಇಷ್ಟು ಹೊತ್ತು ಹಳದಿಯ ಸುತ್ತ ಚದುರಿದ್ದ ಜೀವದ್ರವ್ಯ ಒಂದೇ ತುದಿಗೆ ಬಂದು ಸೇರಿ ಸಣ್ಣ ಗುಬ್ಬಿ, ಅಂದರೆ ಗುಂಡನೆಯ ಉಬ್ಬು, ಆಗುತ್ತದೆ. ಮೀನಿನ ದೇಹವೆಲ್ಲ ಆಗುವುದು ಈ ಗುಬ್ಬಿಯಿಂದ. ಹಳದಿ ಬರೀ ಬುತ್ತಿ.

ಆಮೇಲೆ ಸೀಳುವ ಕೆಲಸ. ಗುಬ್ಬಿ ಎರಡಾಗುತ್ತದೆ, ನಾಲ್ಕಾಗುತ್ತದೆ, ಎಂಟು, ಹದಿನಾರು, ಮೂವತ್ತೆರಡು. ಕೋಳಿ ಮೊಟ್ಟೆಯಲ್ಲಿ ಆಗುವ ಹಾಗೆ ಇಲ್ಲಿಯೂ ಸೀಳು ಗುಬ್ಬಿಗೆ ಮಾತ್ರ, ಹಳದಿಗೆ ಇಲ್ಲ. ಎಂಟು ಕೋಶದ ತನಕ ಎಣಿಸಬಹುದು. ಆಮೇಲೆ ಕೋಶಗಳು ಸಣ್ಣದಾಗುತ್ತಾ ಹೋಗಿ ಒಂದು ಗುಪ್ಪೆಯಾಗುತ್ತವೆ. ಫಲವಾದ ಮೊಟ್ಟೆ ಯಾವುದು, ಆಗದ ಮೊಟ್ಟೆ ಯಾವುದು ಅಂತ ಲೆಕ್ಕ ಹಾಕಲು ಒಳ್ಳೆಯ ಸಮಯ ಇದು. ಸಮನಾಗಿ ಸೀಳಿದ್ದು ಫಲವಾಗಿದೆ. ಫಲವಾಗದ ಮೊಟ್ಟೆಯೂ ನೀರು ಕುಡಿದು ಉಬ್ಬುತ್ತದೆ, ಗುಬ್ಬಿಯೂ ಮೂಡಬಹುದು. ಆದ್ದರಿಂದ ಬರೀ ಉಬ್ಬಿದ್ದು ನೋಡಿ ಖುಷಿಪಡಬೇಡಿ.

ಗುಪ್ಪೆ ನಂತರ ನಡೆಯುವುದು ನನಗೆ ಎಲ್ಲಕ್ಕಿಂತ ಇಷ್ಟವಾದ ಹಂತ. ತುದಿಯಲ್ಲಿದ್ದ ಕೋಶಗಳ ಗುಪ್ಪೆ ಚಪ್ಪಟೆಯಾಗಿ, ಹಳದಿಯ ಮೇಲೆ ಮೆಲ್ಲಗೆ ಇಳಿಯುತ್ತಾ ಬರುತ್ತದೆ, ತಲೆಗೆ ಟೋಪಿ ಎಳೆದುಕೊಂಡ ಹಾಗೆ. ಅರ್ಧಕ್ಕೆ ಬಂದಾಗ ಅಂಚಿನಲ್ಲಿ ಒಂದು ಕಡೆ ದಪ್ಪಗಾಗುತ್ತದೆ. ಬೆನ್ನು ಎಲ್ಲಿ ಅಂತ ನಿರ್ಧಾರವಾಗುವುದು ಅಲ್ಲಿ. ಕೊನೆಗೆ ಹಳದಿಯ ಸಣ್ಣ ಬಿರಡೆ ಮಾತ್ರ ಹೊರಗೆ ಕಾಣುತ್ತದೆ, ಅದೂ ಮುಚ್ಚಿಹೋಗುತ್ತದೆ. ಈ ಹೊತ್ತಿನಲ್ಲಿ ಟ್ರೇ ಅಲ್ಲಾಡಿಸಬೇಡಿ. ಅರ್ಧ ಮುಚ್ಚಿದ ಭ್ರೂಣ ತುಂಬಾ ನಾಜೂಕು. ಮೊದಲ ದಿನದ ಸಾವು ಹೆಚ್ಚಾಗಿ ಇಲ್ಲಿಯೇ.

ಎರಡನೇ ದಿನಕ್ಕೆ ಉದ್ದನೆಯ ಗೆರೆಯಂಥ ದೇಹ ಹಳದಿಯನ್ನು ಅಪ್ಪಿಕೊಂಡಿರುತ್ತದೆ. ಒಂದು ತುದಿ ದಪ್ಪಗಾಗಿ ತಲೆ. ಅಲ್ಲಿ ಎರಡು ಉಬ್ಬು, ಕಣ್ಣು ಆಗುವವು. ದೇಹದ ಉದ್ದಕ್ಕೂ ಇಟ್ಟಿಗೆ ಜೋಡಿಸಿದಂತೆ ಸ್ನಾಯುವಿನ ಕಟ್ಟುಗಳು ಒಂದರ ಹಿಂದೆ ಒಂದು ಮೂಡುತ್ತವೆ. ಅವನ್ನು ಎಣಿಸಿಯೇ ಭ್ರೂಣದ ವಯಸ್ಸು ಹೇಳುತ್ತಾರೆ. ಬಾಲ ಹಳದಿಯಿಂದ ಬಿಡಿಸಿಕೊಳ್ಳುತ್ತದೆ. ಆಮೇಲೆ ಮೊದಲ ಮಿಸುಕು. ಬಾಲ ಸುಮ್ನೆ ಒಂದು ಸಲ ಎಡಕ್ಕೆ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ. ಹೃದಯವೂ ಹೆಚ್ಚು ಕಡಿಮೆ ಇದೇ ಕಾಲಕ್ಕೆ ಬಡಿಯಲು ಶುರು ಮಾಡುತ್ತದೆ. ಮೊದಲು ಬರೀ ಮಿಡಿತ, ಕೆಂಪು ಇರುವುದಿಲ್ಲ. ರಕ್ತದ ಕಣ ಹರಿಯುವುದು ಕಾಣುವುದು ಆಮೇಲೆ.

ಕಣ್ಣಿಗೆ ಕಪ್ಪು ಬಣ್ಣ ಬಂತು ಅಂದರೆ ಅರ್ಧ ಗೆದ್ದ ಹಾಗೆ. ಟ್ರೇಯಲ್ಲಿ ಪ್ರತಿ ಮೊಟ್ಟೆಯಲ್ಲೂ ಎರಡು ಚುಕ್ಕೆ ಕಾಣುತ್ತದೆ. ಮೂರನೇ ದಿನ ಭ್ರೂಣ ಒಳಗೇ ತಿರುಗಲು ಶುರು ಮಾಡುತ್ತದೆ. ಅದರ ತಲೆಯ ಹತ್ತಿರದ ಗ್ರಂಥಿಗಳಿಂದ ಒಂದು ಕಿಣ್ವ ಒಸರಿ ಹೊರಪದರವನ್ನು ಒಳಗಿನಿಂದ ತೆಳುಮಾಡುತ್ತದೆ. ಬಾಲ ಬಡಿದಾಗ ಪದರ ಹರಿಯುತ್ತದೆ. ಎಷ್ಟೋ ಮರಿ ಬಾಲವನ್ನೇ ಮೊದಲು ಹೊರಗೆ ಹಾಕುತ್ತವೆ.

ಮೊಟ್ಟೆ ಬಿಳಿಯಾಗಿದೆ. ಏನು ಮಾಡಲಿ?

ಅದು ಸತ್ತಿದೆ. ತಕ್ಷಣ ತೆಗೆಯಿರಿ. ಪಿಪೆಟ್ ಇಲ್ಲದಿದ್ದರೆ ತುದಿ ಕತ್ತರಿಸಿದ ಗರಿ ಸಾಕು. ಸತ್ತ ಮೊಟ್ಟೆಯ ಮೇಲೆ ಹತ್ತಿಯಂಥ ಬೂಷ್ಟು ಬೆಳೆದು ಪಕ್ಕದ ಜೀವಂತ ಮೊಟ್ಟೆಗಳಿಗೂ ಹಬ್ಬುತ್ತದೆ. ಮೂರು ದಿನ ಕಾಯಬೇಕಾದ ಮೊಟ್ಟೆಗೆ ಬೂಷ್ಟೇ ದೊಡ್ಡ ಶತ್ರು. ಹಿಂದೆ ಮಲಾಕೈಟ್ ಗ್ರೀನ್ ಎಂಬ ರಾಸಾಯನಿಕ ಹಾಕುತ್ತಿದ್ದರು. ಅದು ಮನುಷ್ಯರಿಗೂ ಒಳ್ಳೆಯದಲ್ಲ, ಈಗ ಬಳಸಬೇಡಿ. ದಿನಕ್ಕೆ ಎರಡು ಮೂರು ಸಲ ಕೂತು ಹೆಕ್ಕುವುದಕ್ಕಿಂತ ಒಳ್ಳೆಯ ಔಷಧಿ ಇಲ್ಲ.

ನೀರು ಸ್ವಲ್ಪ ಬೆಚ್ಚಗೆ ಮಾಡಿದ್ರೆ ಬೇಗ ಒಡೆಯುತ್ತಲ್ವಾ?

ಒಡೆಯುತ್ತದೆ. ಬೆನ್ನು ಸೊಟ್ಟಗಾದ ಮರಿಗಳೂ ಜಾಸ್ತಿ ಬರುತ್ತವೆ. ಅವಸರ ಬೇಡ. ತಾಪಮಾನ ದಿಢೀರನೆ ಏರಿಳಿಯುವುದು ಇನ್ನೂ ಕೆಟ್ಟದ್ದು.

ಮೊಟ್ಟೆಯನ್ನೇ ದೂರದ ಊರಿಗೆ ಸಾಗಿಸಬಹುದಂತೆ, ನಿಜಾನಾ?

ನಿಜ. ಮಹಶೀರ್‌ನಲ್ಲಿ ಇದು ಚೆನ್ನಾಗಿ ಆಗುತ್ತದೆ, ಯಾಕೆಂದರೆ ಒಡೆಯಲು ಅಷ್ಟು ಸಮಯ ಇದೆ. ಲೋಣಾವಳದವರು ಒದ್ದೆ ಹತ್ತಿಯ ನಡುವೆ ಮೊಟ್ಟೆ ಇಟ್ಟು ವಿಮಾನದಲ್ಲಿ ಕಳಿಸಿದ್ದಾರೆ. ಹತ್ತಿಯ ಒಂದು ಪದರ, ಅದರ ಮೇಲೆ ಮೊಟ್ಟೆ, ಮತ್ತೆ ಹತ್ತಿ. ಚೀಲದ ತುಂಬ ನೀರು, ಆಮ್ಲಜನಕದ ಸಿಲಿಂಡರು ಯಾವುದೂ ಬೇಡ. ಹತ್ತಿ ಒಣಗಬಾರದು, ಡಬ್ಬಿ ಬಿಸಿಯಾಗಬಾರದು. ನೀರು ತುಂಬಿದ ಚೀಲದಲ್ಲಿ ಮರಿ ಸಾಗಿಸುವುದಕ್ಕಿಂತ ತೂಕವೂ ಕಡಿಮೆ, ಖರ್ಚೂ ಕಡಿಮೆ.

ಮರಿ ಹೊರಬಂದಿದೆ, ಆದ್ರೆ ಮೂಲೆಯಲ್ಲಿ ಬಿದ್ದಿದೆ. ಸತ್ತಿದೆಯಾ?

ಇಲ್ಲ, ಮಹಶೀರ್ ಮರಿ ಹಾಗೇ ಇರುತ್ತದೆ. ಮೊದಲ ಸಲ ನೋಡುವವರೆಲ್ಲ ಗಾಬರಿಯಾಗುತ್ತಾರೆ.

ಹೊರಬಂದ ಮರಿ ಒಂದು ಸೆಂಟಿಮೀಟರಿಗೂ ಕಡಿಮೆ, ಹೊಟ್ಟೆಯಲ್ಲಿ ದೇಹಕ್ಕಿಂತ ಭಾರವಾದ ಹಳದಿ ಚೀಲ. ಅದನ್ನು ಹೊತ್ತು ಈಜಲು ಆಗುವುದಿಲ್ಲ. ಬೆಳಕು ಬಿದ್ದರೆ ಓಡಿ ಹೋಗಿ ಮೂಲೆ ಸೇರುತ್ತದೆ. ಟ್ರೇಯ ಮೂಲೆಯಲ್ಲಿ ನೂರಾರು ಮರಿಗಳು ತಲೆ ಒಳಗೆ ತುರುಕಿಕೊಂಡು, ಬಾಲವನ್ನು ಮಾತ್ರ ಹೊರಗೆ ಬಿಟ್ಟು, ಬಿಡದೆ ಅಲ್ಲಾಡಿಸುತ್ತಾ ಇರುತ್ತವೆ. ಹೊಳೆಯಲ್ಲಾಗಿದ್ದರೆ ಜಲ್ಲಿಕಲ್ಲಿನ ಸಂದಿಗೆ ತಲೆ ತೂರಿಸಿ ಇದನ್ನೇ ಮಾಡುತ್ತಿದ್ದವು. ಬಾಲ ಅಲ್ಲಾಡುವುದರಿಂದ ಸುತ್ತಲಿನ ನೀರು ಬದಲಾಗುತ್ತಾ ಉಸಿರಿಗೆ ಅನುಕೂಲವಾಗುತ್ತದೆ. ಐದಾರು ದಿನ ಹೀಗೇ ಕಳೆಯುತ್ತವೆ. ಬೆರಳು ಹಾಕಿ ಎಬ್ಬಿಸಬೇಡಿ, ಟಾರ್ಚ್ ಬಿಡಬೇಡಿ. ಆದರೆ ಒಂದರ ಮೇಲೊಂದು ಬಿದ್ದು ತಳದಲ್ಲಿರುವುದಕ್ಕೆ ಉಸಿರುಕಟ್ಟಬಾರದು. ನೀರಿನ ಹರಿವು ಮೂಲೆಗೂ ಮುಟ್ಟುತ್ತಿದೆಯಾ ನೋಡಿಕೊಳ್ಳಿ.

ಮೊದಲ ಊಟ ಯಾವಾಗ, ಏನು?

ಹಳದಿ ಚೀಲ ಪೂರ್ತಿ ಕರಗುವ ಸ್ವಲ್ಪ ಮೊದಲು, ಮರಿ ಮೂಲೆ ಬಿಟ್ಟು ನೀರಿನ ನಡುವೆ ಈಜಲು ಶುರು ಮಾಡಿದಾಗ. ಆರ್ಟೀಮಿಯಾ (ಉಪ್ಪುನೀರಿನ ಸಣ್ಣ ಸೀಗಡಿಯಂಥ ಜೀವಿ) ಮರಿ ಅಥವಾ ಕೊಳದಿಂದ ಸೋಸಿದ ಪ್ರಾಣಿ ಪ್ಲವಕ, ಅಂದರೆ ನೀರಲ್ಲಿ ತೇಲುವ ಸಣ್ಣ ಜೀವಿಗಳು, ಉತ್ತಮ. ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಕೊಡುವವರಿದ್ದಾರೆ. ಅದೂ ಆಗುತ್ತದೆ, ಆದರೆ ಉಳಿದದ್ದು ಬೇಗ ಕೊಳೆತು ನೀರು ಕೆಡಿಸುತ್ತದೆ. ಹೊರಗಿನ ಕೊಳಕ್ಕೆ ಬಿಡುವ ಮೊದಲು ಕೊಡತಿ ಕೀಟದ ಮರಿ, ನೀರುತಿಗಣೆ, ಕಪ್ಪೆ ಇಲ್ಲದ ಹಾಗೆ ಕೊಳ ಶುಚಿ ಮಾಡಿ. ಕೊಡತಿ ಕೀಟ ಅಂದರೆ ಏರೋಪ್ಲೇನ್ ಚಿಟ್ಟೆ ಅಂತಾರಲ್ಲ, ಅದೇ. ಅದರ ಮರಿ ನೀರೊಳಗೆ ಮೀನುಮರಿಯನ್ನು ಹಿಡಿದು ತಿನ್ನುತ್ತದೆ.

ಕಾವೇರಿಗೆ ಮರಿ ಬಿಟ್ಟು ತೊಂದರೆಯಾಯ್ತು ಅಂತಾರೆ. ಮರಿ ಬಿಟ್ರೆ ಒಳ್ಳೆಯದೇ ಅಲ್ವಾ?

ಅಲ್ಲ. ಮರಿ ಮಾಡಿಸುವುದು ಈಗ ಅಷ್ಟು ಕಷ್ಟವಲ್ಲ. ಯಾವ ಹೊಳೆಯ ಮರಿಯನ್ನು ಯಾವ ಹೊಳೆಗೆ ಬಿಡುತ್ತೀರಿ ಅನ್ನುವುದೇ ಕಷ್ಟದ ಪ್ರಶ್ನೆ. ಕಾವೇರಿಯಲ್ಲಿ ಆ ಪ್ರಶ್ನೆ ಕೇಳುವ ಮೊದಲೇ ಮರಿ ಬಿಟ್ಟಾಗಿತ್ತು.

ಕಾವೇರಿ ಕೊಳ್ಳದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಮಹಶೀರ್ ಒಂದಿದೆ. ಬೆನ್ನು ಗೂನಾಗಿ ಏರಿರುವುದು, ಕಿತ್ತಳೆ ರೆಕ್ಕೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ 54 ಕಿಲೋ ತೂಗಿತು. ಗಾಳದವರು ಪ್ರಪಂಚದ ಮೂಲೆಮೂಲೆಯಿಂದ ಕಾವೇರಿಗೆ ಬರುತ್ತಿದ್ದುದು ಈ ಮೀನಿಗಾಗಿ. 1970ರ ದಶಕದಿಂದ ಕಾವೇರಿಗೆ ಹೊರಗಿನ ದಖ್ಖನ್ ಮಹಶೀರ್ ಮರಿಗಳು ಬಂದವು. ಇದರ ರೆಕ್ಕೆ ನೀಲಿ. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಮಹಶೀರ್ ಕಡಿಮೆಯಾಗಿದೆ, ಮಹಶೀರ್ ತಂದು ಬಿಡೋಣ ಅಂದುಕೊಂಡರು.

ನೀಲಿ ರೆಕ್ಕೆಯ ಮೀನು ಚೆನ್ನಾಗಿ ಬೆಳೆಯಿತು. ಗೂನು ಬೆನ್ನಿನದು ಕಡಿಮೆಯಾಗುತ್ತಾ ಹೋಯಿತು. ಕಾವೇರಿ ದಡದ ಗಾಳಿಬೋರೆ ಗಾಳದ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ಲೆಕ್ಕ ಇಟ್ಟಿದ್ದರು. ಸಂಶೋಧಕರು ಅದನ್ನು ಕೂಡಿಸಿ ನೋಡಿದಾಗ ಇದು ಸ್ಪಷ್ಟವಾಗಿ ಕಂಡಿತು. ಒಟ್ಟು ಮಹಶೀರ್ ಸಂಖ್ಯೆ ಏರಿದ್ದರಿಂದ ಎಲ್ಲ ಸರಿಯಾಗಿದೆ ಅಂತ ಜನ ಅಂದುಕೊಂಡಿದ್ದರು. ಇನ್ನೊಂದು ವಿಚಿತ್ರ ನೋಡಿ. ಇಷ್ಟು ಪ್ರಸಿದ್ಧವಾದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಯಾವುದು ಅಂತ ಖಚಿತವಾಗಿದ್ದು 2018ರಲ್ಲಿ. ಟಾರ್ ರೆಮಾದೇವಿ. ಕಾವೇರಿ ಕೊಳ್ಳಕ್ಕೇ ಸೇರಿದ ಕೇರಳದ ಪಾಂಬಾರ್ ಹೊಳೆಯ ಮೀನು ನೋಡಿ ಅದಕ್ಕೂ ಮೊದಲೇ ಇಟ್ಟಿದ್ದ ಹೆಸರು ಅದು. ಎರಡೂ ಒಂದೇ ಅಂತ ತಿಳಿದದ್ದು ಆಮೇಲೆ. ಈಗ ಅದು ಅಳಿವಿನ ಅಂಚಿನ ಮೀನುಗಳ ಪಟ್ಟಿಯಲ್ಲಿದೆ. ನೀಲಿ ರೆಕ್ಕೆಯದಕ್ಕೆ ಸದ್ಯಕ್ಕೆ ಅಂಥ ಭಯ ಇಲ್ಲ.

ಹೊರಗಿನ ಮರಿಯೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಅಣೆಕಟ್ಟು, ಮರಳು, ಸಿಡಿಮದ್ದು ಎಲ್ಲ ಸೇರಿದೆ. ಆದರೆ ಉಳಿದ ಸ್ವಲ್ಪ ಜಾಗ, ಸ್ವಲ್ಪ ಮೇವಿಗೂ ಪೈಪೋಟಿ ತಂದು ಹಾಕಿದ್ದು ನಾವೇ.

ಹಾಗಾದ್ರೆ ಗೂನು ಬೆನ್ನಿನದ್ದನ್ನೇ ಹ್ಯಾಚರಿಯಲ್ಲಿ ಮಾಡಿಸಬಾರದಾ?

ಮಾಡಿಸಬೇಕು ಅನ್ನುವವರಿದ್ದಾರೆ, ನನಗೂ ಸರಿ ಅನ್ನಿಸುತ್ತದೆ. ತಾಯಿ ಮೀನೇ ಸಿಗುವುದು ಕಷ್ಟ. ಸಿಕ್ಕ ಒಂದೆರಡು ಜೋಡಿಯಿಂದ ಸಾವಿರ ಮರಿ ಮಾಡಿಸಿದರೆ ಅವೆಲ್ಲ ಒಂದೇ ಮನೆಯ ಅಣ್ಣ ತಂಗಿಯರು, ಮುಂದಿನ ತಲೆಮಾರು ದುರ್ಬಲವಾಗುತ್ತದೆ. ಇನ್ನೊಂದು ಕಡೆ, ಮಹಶೀರ್ ಜಾತಿಗಳ ನಡುವೆ ಬೆರಕೆ ಮರಿ ಆಗುತ್ತದೆ. ಲೋಣಾವಳದಲ್ಲೇ ಬೇಕೆಂದು ಬೆರಕೆ ಮಾಡಿ ನೋಡಿದ್ದಾರೆ. ಆದ್ದರಿಂದ ತಾಯಿ ಮೀನು ಶುದ್ಧವಾಗಿದೆಯಾ ಅಂತ ಡಿಎನ್‌ಎ ಪರೀಕ್ಷೆ ಮಾಡದೆ ಸೂಜಿ ಎತ್ತಲೇಬಾರದು.

ಶೃಂಗೇರಿ, ಶಿಶಿಲದ ದೇವರ ಮೀನುಗಳನ್ನು ತಾಯಿ ಮೀನಾಗಿ ಬಳಸಬಹುದಾ?

ಆ ಮೀನು ಮುಟ್ಟಲು ಊರವರು ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಶೃಂಗೇರಿ, ತೀರ್ಥಹಳ್ಳಿ ಹತ್ತಿರದ ಛಿಪ್ಪಲಗುಡ್ಡೆ, ರಾಮನಾಥಪುರ, ಶಿಶಿಲ ಇಲ್ಲೆಲ್ಲ ಹ್ಯಾಚರಿ ಇಲ್ಲದೆ ಮೀನು ಉಳಿದದ್ದು ಬರೀ ಜನರ ನಂಬಿಕೆಯಿಂದ. ಶಿಶಿಲದಲ್ಲಿ ಒಮ್ಮೆ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತವು. ಊರವರು ಆ ಮೀನುಗಳಿಗೆ ಸ್ಮಾರಕ ಕಟ್ಟಿದ್ದಾರೆ. ಆದರೆ ಈ ಹೊಳೆಗಳನ್ನು ಒಂದೇ ಅಂತ ನೋಡಬೇಡಿ. ತುಂಗೆ ಕೃಷ್ಣೆಗೆ ಸೇರಿ ಪೂರ್ವಕ್ಕೆ ಹೋಗುತ್ತದೆ, ಶಿಶಿಲದ ಕಪಿಲಾ ನೇತ್ರಾವತಿ ಕಡೆ ಸೇರಿ ಪಶ್ಚಿಮಕ್ಕೆ, ರಾಮನಾಥಪುರ ಕಾವೇರಿ. ಮಂಡಕ್ಕಿ ಹಾಕುವುದಾದರೆ ಒಂದು ಹಿಡಿ ಹಾಕಿ. ಪ್ಲಾಸ್ಟಿಕ್ ಕವರ್ ಮಾತ್ರ ಜೇಬಿಗೆ ಹಾಕಿಕೊಂಡು ಬನ್ನಿ.

ಮನೆಯ ಅಕ್ವೇರಿಯಂನಲ್ಲಿ ಮಹಶೀರ್ ಸಾಕಿ ಮೊಟ್ಟೆ ಇಡಿಸಬಹುದಾ?

ಇಲ್ಲ.

ಮಕ್ಕಳಿಗೆ ಭ್ರೂಣ ತೋರಿಸಬೇಕು, ಶಾಲೆಯಲ್ಲಿ ಏನು ಮಾಡಬಹುದು?

ಜೀಬ್ರಾ ಮೀನು ತನ್ನಿ. ನಮ್ಮ ಉಪಖಂಡದ್ದೇ ಮೀನು, ಅಕ್ವೇರಿಯಂ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಪ್ರಪಂಚದ ಪ್ರಯೋಗಾಲಯಗಳಲ್ಲಿ, ಬೆಂಗಳೂರಿನಲ್ಲೂ, ಬೆಳವಣಿಗೆಯ ಅಧ್ಯಯನಕ್ಕೆ ಇದನ್ನು ಬಳಸುತ್ತಾರೆ. ಇಂಜೆಕ್ಷನ್ ಬೇಡ. ತೊಟ್ಟಿಯ ತಳಕ್ಕೆ ಗೋಲಿ ಹರಡಿ, ಸಂಜೆ ಒಂದು ಗಂಡು ಎರಡು ಹೆಣ್ಣು ಬಿಟ್ಟು, ರಾತ್ರಿ ಪೂರ್ತಿ ಕತ್ತಲು ಮಾಡಿ. ಬೆಳಿಗ್ಗೆ ಬೆಳಕು ಬಿದ್ದ ಮೇಲೆ ಮೊಟ್ಟೆ ಇಡುತ್ತವೆ. ಮೊಟ್ಟೆ ಗೋಲಿಗಳ ಸಂದಿಗೆ ಬೀಳುತ್ತದೆ, ಇಲ್ಲದಿದ್ದರೆ ತಾಯಿಯೇ ತಿಂದುಬಿಡುತ್ತದೆ.

ಮೊಟ್ಟೆ ಒಂದು ಮಿಲಿಮೀಟರಿಗಿಂತ ಸಣ್ಣದು, ಆದರೆ ಗಾಜಿನಂತೆ ಪಾರದರ್ಶಕ. 28 ಡಿಗ್ರಿಯಲ್ಲಿ ಮುಕ್ಕಾಲು ಗಂಟೆಗೆ ಮೊದಲ ಸೀಳು, ಐದು ಗಂಟೆ ಕಳೆದ ಮೇಲೆ ಅರ್ಧ ಹಳದಿ ಮುಚ್ಚಿರುತ್ತದೆ, ಮರುದಿನ ಅದೇ ಹೊತ್ತಿಗೆ ಹೃದಯ ಬಡಿಯುತ್ತಿರುತ್ತದೆ. ಎರಡರಿಂದ ಮೂರು ದಿನಕ್ಕೆ ಮರಿ. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದರೆ ಶಾಲೆ ಬಿಡುವುದರೊಳಗೆ ಮಕ್ಕಳು ಅರ್ಧ ಕಥೆ ನೋಡಿರುತ್ತಾರೆ. ಮರಿಗಳನ್ನು ಮಾತ್ರ ಊರ ಕೆರೆಗೆ ಬಿಡಬೇಡಿ.

ನಮ್ಮೂರ ಹೊಳೆಗೆ ಮಹಶೀರ್ ಮರಿ ಬಿಡಬೇಕು ಅಂತ ಊರವರು ದುಡ್ಡು ಸೇರಿಸಿದ್ದಾರೆ. ಎಲ್ಲಿಂದ ತರೋದು?

ತರುವ ಮೊದಲು ಮೂರು ವಿಷಯ ಕೇಳಿ. ಈ ಮರಿಗಳ ತಾಯಿ ಮೀನು ಯಾವ ಹೊಳೆಯದು? ಎಷ್ಟು ಜೋಡಿಯಿಂದ ಮಾಡಿಸಿದ್ದು? ನಮ್ಮ ಹೊಳೆಯಲ್ಲಿ ಈಗ ಇರುವ ಮಹಶೀರ್ ಯಾವುದು? ಮೂರಕ್ಕೂ ಸರಿಯಾದ ಉತ್ತರ ಸಿಗದಿದ್ದರೆ ಮರಿ ತರಬೇಡಿ, ಎಷ್ಟೇ ಅಗ್ಗಕ್ಕೆ ಕೊಟ್ಟರೂ. ಮೀನುಗಾರಿಕೆ ಇಲಾಖೆಯನ್ನು ಕೇಳದೆ ಹೊಳೆಗೆ ಏನನ್ನೂ ಬಿಡಬೇಡಿ.

ದುಡ್ಡು ಇದ್ದೇ ಇದೆ ಅಂದರೆ ಬೇರೆ ದಾರಿ ಇದೆ. ಒಂದು ಮಡುವನ್ನು ಆರಿಸಿ, ಅಲ್ಲಿ ಬಲೆ ಗಾಳ ಹಾಕಬಾರದು ಅಂತ ಊರವರೇ ನಿಯಮ ಮಾಡಿ. ಮಳೆ ಶುರುವಾದಾಗಿನಿಂದ ಸೆಪ್ಟೆಂಬರ್ ತನಕ ಅದರ ಮೇಲ್ಗಡೆ ಜಲ್ಲಿ ಇರುವ ಜಾಗದಲ್ಲಿ ಮರಳಿನ ಟ್ರ್ಯಾಕ್ಟರ್ ಇಳಿಯದ ಹಾಗೆ ನೋಡಿಕೊಳ್ಳಿ. ರಾತ್ರಿ ಕಾವಲಿಗೆ ಇಬ್ಬರನ್ನು ಇಡಲು ಆ ದುಡ್ಡು ಬಳಸಿ. ಹೊಳೆಯಲ್ಲಿ ನಾಲ್ಕೈದು ದೊಡ್ಡ ಹೆಣ್ಣು ಉಳಿದಿದ್ದರೂ ಮೊಟ್ಟೆ ಇಡುವ ಕೆಲಸ ಅವೇ ಮಾಡುತ್ತವೆ, ಟ್ರೇಯೂ ಬೇಡ, ಗರಿಯೂ ಬೇಡ.